ಪಕ್ಕದ ಮನೆಯ ಎಲ್ಡರ್

ನಮ್ಮ ಸಾಯಗಾಂವ ಕಡೆ ಹಿರಿಯರು ಅಂದ್ರೆ ಅದಕ್ಕೊಂದು ಲೆಕ್ಕ ಇದೆ. ಹೆಗಲ ಮೇಲೊಂದು ವಲ್ಲಿ, ತಲೆ ಮೇಲೊಂದು ಟೊಪ್ಪಿಗೆ, ಮಾತು ಶುರು ಮಾಡೋ ಮುಂಚೆ ಒಂದು ಕೆಮ್ಮು. ಇಷ್ಟಿಲ್ಲದವನನ್ನ ಹಿರಿಯ ಅಂತ ಯಾರೂ ಒಪ್ಪೋದಿಲ್ಲ. ಆದರೆ 2022ರ ಮಳೆಗಾಲದಲ್ಲಿ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಫ್ಲ್ಯಾಟಿಗೆ ಬಂದ ಹಿರಿಯರಿಗೆ ಬರೀ ಇಪ್ಪತ್ತು ವರ್ಷ. ನುಣ್ಣಗೆ ಬೋಳಿಸಿದ ಗಲ್ಲ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಟೈ, ಜೇಬಿನ ಮೇಲೆ ಕಪ್ಪು ಬಿಲ್ಲೆ. ಬಿಲ್ಲೆಯ ಮೇಲೆ ಬಿಳಿ ಅಕ್ಷರದಲ್ಲಿ ‘ಎಲ್ಡರ್’, ಅದರ ಮುಂದೆ ಮನೆತನದ ಹೆಸರು. ಸ್ವಂತ ಹೆಸರು ಎಲ್ಲೂ ಇಲ್ಲ. ಜೊತೆಗೆ ಅಂಥದೇ ಬಿಲ್ಲೆಯ ಇನ್ನೊಬ್ಬ ಹುಡುಗ.

ಜಗತ್ತು ಇವರನ್ನ ಮಾರ್ಮನ್ ಮಿಷನರಿಗಳು ಅನ್ನುತ್ತೆ. ಅವರ ಚರ್ಚಿನ ಪೂರ್ತಿ ಹೆಸರು ‘ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲೇಟರ್-ಡೇ ಸೇಂಟ್ಸ್’. ಮಾರ್ಮನ್ ಅನ್ನೋ ಅಡ್ಡಹೆಸರು ಬೇಡ, ಪೂರ್ತಿ ಹೆಸರಲ್ಲೇ ಕರೀರಿ ಅಂತ 2018ರಲ್ಲಿ ಅವರ ಅಧ್ಯಕ್ಷರೇ ಕೇಳಿಕೊಂಡಿದ್ದರು. 1830ರಲ್ಲಿ ಜೋಸೆಫ್ ಸ್ಮಿತ್ ಎಂಬಾತ ನ್ಯೂಯಾರ್ಕ್ ರಾಜ್ಯದಲ್ಲಿ ಶುರು ಮಾಡಿದ ಚರ್ಚು ಅದು. ಆಮೇಲೆ ಜನರ ವಿರೋಧಕ್ಕೆ ಗುಳೆ ಎದ್ದು 1847ರಲ್ಲಿ ಯೂಟಾದ ಬಯಲಿಗೆ ಹೋಗಿ ನೆಲೆ ನಿಂತಿತು. ಅಲ್ಲಿ ಗಂಡು ಹುಡುಗರು ಹದಿನೆಂಟು ತುಂಬಿದ ಮೇಲೆ ಎರಡು ವರ್ಷ, ಹೆಣ್ಣುಮಕ್ಕಳು (2025ರ ತನಕ ಅವರಿಗೆ ಹತ್ತೊಂಬತ್ತು ತುಂಬಬೇಕಿತ್ತು) ಒಂದೂವರೆ ವರ್ಷ, ಸಂಬಳ ಇಲ್ಲದೆ ಊರೂರು ತಿರುಗಿ ಧರ್ಮ ಹೇಳಬೇಕು. ಎಲ್ಲಿಗೆ ಹೋಗಬೇಕು ಅಂತ ಆಯ್ಕೆ ಮಾಡೋ ಹಾಗಿಲ್ಲ. ಕಾಗದ ಬರುತ್ತೆ, ಅದರಲ್ಲಿ ಊರು ಇರುತ್ತೆ, ಹೋಗಬೇಕು. ಅಷ್ಟೇ.

ಇವನಿಗೆ ಬಂದ ಕಾಗದದಲ್ಲಿ ಬೆಂಗಳೂರು ಮಿಷನ್ ಅಂತ ಇತ್ತು. ಮೊದಲು ಆರು ತಿಂಗಳು ಬೇರೆ ಊರಲ್ಲಿದ್ದ, ಈಗ ನಮ್ಮ ಬಡಾವಣೆಗೆ ವರ್ಗ. ಸ್ವಂತ ಊರು ಆಂಧ್ರದ ರಾಜಮಂಡ್ರಿ ಹತ್ತಿರದ ಒಂದು ಹಳ್ಳಿ. ಅಮೆರಿಕದ ಚರ್ಚು ಅಂದಕೂಡಲೇ ನಾವು ಬೆಳ್ಳಗಿನ ಸಾಹೇಬರನ್ನ ನೆನೆಸಿಕೊಳ್ಳುತ್ತೀವಿ. ಇವನು ನನ್ನಷ್ಟೇ ಕಪ್ಪು, ನನ್ನ ಹಾಗೇ ಹೊಲ-ಗದ್ದೆ ನೋಡಿ ಬೆಳೆದವನು.

ಅವನು ಬಂದ ಹೊಸತರಲ್ಲಿ ಹೊರವರ್ತುಲ ರಸ್ತೆ ಮುಳುಗಿತ್ತು. ನಿಮಗೂ ನೆನಪಿರಬಹುದು, ಐಟಿ ಜನರೆಲ್ಲ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಸೆಪ್ಟೆಂಬರ್ ಅದು. ನಾವೆಲ್ಲ ಬಾಲ್ಕನಿಯಲ್ಲಿ ನಿಂತು ಫೋಟೋ ಹೊಡೀತಿದ್ದರೆ ಈ ಹುಡುಗ ಪ್ಯಾಂಟು ಮಡಚಿ, ಬೂಟು ಕೈಯಲ್ಲಿ ಹಿಡಿದು ಹೊರಟ.

‘ನೀರಿಗೆ ಹೆದರಿಕೆ ಇಲ್ಲೇನು?’ ಅಂದೆ.

‘ಗೋದಾವರಿ ಪಕ್ಕದಲ್ಲಿ ಹುಟ್ಟಿದ್ದು ಅಣ್ಣಾ, ಇದು ನೀರಾ?’ ಅಂದ.

ನಾನು ನಕ್ಕು ಹೇಳಿದೆ, ನಮ್ಮ ಭಾಲ್ಕಿ ತಾಲ್ಲೂಕಿನ ಮಾಂಜ್ರಾ ನದಿ ತೆಲಂಗಾಣಕ್ಕೆ ಇಳಿದು ನಿಜಾಮಸಾಗರ ದಾಟಿ ಗೋದಾವರಿಗೇ ಸೇರುತ್ತೆ, ನಾವು ಎಮ್ಮೆ ಮೈ ತೊಳೆದ ನೀರೇ ನಿಮ್ಮೂರಿಗೆ ಬರೋದು ಅಂತ. ಅವತ್ತಿಂದ ದೋಸ್ತಿ.

ಅವನಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ತೆಲುಗು ಓದಬಲ್ಲವನಿಗೆ ಕನ್ನಡದ ಅಕ್ಷರ ದಾಯಾದಿ ಇದ್ದ ಹಾಗೆ, ಮುಖ ನೋಡಿದ ಕೂಡಲೇ ಯಾರ ಮನೆಯವನು ಅಂತ ಗೊತ್ತಾಗುತ್ತೆ. ಒಂದೇ ವಾರದಲ್ಲಿ ಬಿಎಂಟಿಸಿ ಬೋರ್ಡು ಓದೋಕೆ ಶುರು ಮಾಡಿದ. ಮಾತು ಮಾತ್ರ ಕಷ್ಟ. ದಿನಾ ಸಂಜೆ ಕಾರಿಡಾರಿನಲ್ಲಿ ಹತ್ತು ನಿಮಿಷ ನಾನೇ ಕಲಿಸಿದೆ. ಗೆರೆ ಹೊಡೆದ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಮಾಡಿ ಇಂಗ್ಲಿಷು, ತೆಲುಗು, ಕನ್ನಡ ಅಂತ ಬರಕೊಳ್ಳುತ್ತಿದ್ದ. ಇದರಲ್ಲಿ ಒಂದು ತಮಾಷೆ ಆಯ್ತು. ನನ್ನ ಬಾಯಲ್ಲಿ ಬರೋ ಕನ್ನಡ ಬೀದರಿನದು. ಎರಡೇ ತಿಂಗಳಿಗೆ ಹುಡುಗ ಕೆಳಗಿನ ಕಿರಾಣಿ ಅಂಗಡಿಯಲ್ಲಿ ನಿಂತು, ‘ಹ್ಯಾಂಗ ಅದೀರಿ? ಸಕ್ರಿ ಅದ ಏನ್ರಿ?’ ಅಂತ ಕೇಳತೊಡಗಿದ. ಹಾಸನ ಕಡೆಯ ಅಂಗಡಿಯವರು ಕಣ್ಣರಳಿಸಿ, ‘ಏನಪ್ಪಾ, ಗುಲ್ಬರ್ಗದವನಾ?’ ಅಂದರಂತೆ. ಓಡಿ ಬಂದು ನನಗೆ ಹೇಳಿದಾಗ ಅವನಿಗಿಂತ ನನಗೇ ಜಾಸ್ತಿ ಖುಷಿ. ನನ್ನ ಮಾತಿಗೆ ಈ ಊರಲ್ಲಿ ಹತ್ತು ವರ್ಷ ಜನ ನಕ್ಕಿದ್ದಾರೆ. ಅದೇ ಮಾತನ್ನ ಒಬ್ಬ ಶ್ರದ್ಧೆಯಿಂದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದು ಅದೇ ಮೊದಲು.

ಅವನ ದಿನಚರಿ ನೋಡಿದರೆ ನಮ್ಮ ಆನ್-ಕಾಲ್ ಡ್ಯೂಟಿ ಏನೂ ಅಲ್ಲ. ಬೆಳಿಗ್ಗೆ ಆರೂವರೆಗೆ ಏಳಬೇಕು. ಓದಬೇಕು, ಪ್ರಾರ್ಥನೆ ಮಾಡಬೇಕು. ರಾತ್ರಿ ಹತ್ತೂವರೆ ಹೊತ್ತಿಗೆ ದೀಪ ಆರಬೇಕು. ಸಿನಿಮಾ ಇಲ್ಲ, ಪ್ರೇಮ ಗೀಮ ಇಲ್ಲ, ಹೆಂಡ ಸಿಗರೇಟು ಹೋಗಲಿ ಚಹಾ ಕಾಫಿ ಸಹ ಇಲ್ಲ. ಜೋಡಿಯವನನ್ನ ಬಿಟ್ಟು ಒಬ್ಬನೇ ಎಲ್ಲೂ ಹೋಗೋ ಹಾಗಿಲ್ಲ. ಆ ಜೋಡಿಯೂ ಅವನು ಆರಿಸಿಕೊಂಡಿದ್ದಲ್ಲ. ಇವನ ಜೋಡಿಯವನು ತಮಿಳುನಾಡಿನವನು, ಮಾತು ಕಮ್ಮಿ, ಗೊರಕೆ ಜಾಸ್ತಿ. ಆರು ವಾರಕ್ಕೊಮ್ಮೆ ವರ್ಗಾವಣೆಯ ಪಟ್ಟಿ ಬರುತ್ತೆ. ಇರಬಹುದು, ಹೋಗಬಹುದು, ಜೋಡಿ ಬದಲಾಗಬಹುದು. ನಮ್ಮ ಎರಡು ವಾರದ ಸ್ಪ್ರಿಂಟಿಗೇ ನಾವು ಅಳ್ತೀವಿ. ಇವನದು ಆರು ವಾರದ ಸ್ಪ್ರಿಂಟು, ಡೆಲಿವರಿ ಏನು ಅಂತಲೇ ಗೊತ್ತಿಲ್ಲ.

ಮನೆಗೆ ವಾರಕ್ಕೊಮ್ಮೆ ಫೋನು. 2019ರ ಫೆಬ್ರುವರಿಗಿಂತ ಮುಂಚೆ ಅದೂ ಇರಲಿಲ್ಲವಂತೆ, ಕ್ರಿಸ್ಮಸ್ಸಿಗೊಮ್ಮೆ, ತಾಯಂದಿರ ದಿನಕ್ಕೊಮ್ಮೆ, ವರ್ಷಕ್ಕೆ ಎರಡೇ ಸಲ. ಸೋಮವಾರ ಟೆರೇಸಿನ ಮೇಲೆ ನಾನು ಬಟ್ಟೆ ತೆಗೆಯೋಕೆ ಹೋದಾಗ ಅವನ ದನಿ ಕೇಳಿಸೋದು. ದೊಡ್ಡ ದನಿ, ನಗು, ‘ಬಾಗುನ್ನಾನಮ್ಮಾ, ಬಾಗುನ್ನಾನು’. ಫೋನ್ ಇಟ್ಟ ಮೇಲೆ ನೀರಿನ ಟ್ಯಾಂಕಿಗೆ ಒರಗಿ ಸುಮ್ಮನೆ ಕೂತಿರುತ್ತಿದ್ದ. ಜೋಡಿಯವನು ಸ್ವಲ್ಪ ದೂರ ನಿಂತು ಬೇರೆ ಕಡೆ ನೋಡುತ್ತಿದ್ದ. ತೆಲುಗು ಬರದಿದ್ದರೂ ಆ ‘ಬಾಗುನ್ನಾನು’ ನನಗೆ ಅರ್ಥ ಆಗುತ್ತಿತ್ತು. ‘ಆರಾಮ ಅದೀನವ್ವ’ ಅಂತ ಅದನ್ನೇ ನಾನು ಪಿಜಿಯ ಮೆಟ್ಟಿಲ ಮೇಲೆ ಕೂತು ನಾಲ್ಕು ವರ್ಷ ಹೇಳಿದ್ದೀನಿ.

ಒಂದು ವಿಷಯ ಮಾತ್ರ ನನಗೆ ತಲೆಗೆ ಹೋಗಲಿಲ್ಲ. ನಮ್ಮ ರಾಜ್ಯದಲ್ಲಿ ವರ್ಗಾವಣೆ ಅಂದ್ರೆ ಶಿಕ್ಷೆ. ಅದರಲ್ಲೂ ಬೀದರಿಗೆ ವರ್ಗ ಅಂದ್ರೆ ದೊಡ್ಡ ಶಿಕ್ಷೆ. ಬೆಂಗಳೂರಿನ ಆಫೀಸುಗಳಲ್ಲಿ ‘ಬೀದರಿಗೆ ಹಾಕಿಸ್ತೀನಿ ನೋಡು’ ಅಂತ ಹೆದರಿಸೋದನ್ನ ನಾನೇ ಕೇಳಿದ್ದೀನಿ, ಕೇಳಿ ಸುಮ್ಮನೆ ಚಹಾ ಕುಡಿದಿದ್ದೀನಿ. ನಮ್ಮ ಶಾಲೆಗೆ ದಕ್ಷಿಣದಿಂದ ಬಂದ ಮೇಷ್ಟ್ರೊಬ್ಬರು ಟ್ರಂಕು ಬಿಚ್ಚುವ ಮುಂಚೆಯೇ ವಾಪಸ್ ವರ್ಗಕ್ಕೆ ಅರ್ಜಿ ಬರೆದಿದ್ದರು ಅಂತ ಊರೆಲ್ಲ ಮಾತು. ಅವರ ‘ಬನ್ನಿ, ಹೋಗಿ’ ಕೇಳಿ ನಾವು ನಗೋದು, ನಮ್ಮ ಮರಾಠಿ ಬೆರೆತ ಕನ್ನಡ ಕೇಳಿ ಅವರು ತಲೆ ಚಚ್ಚಿಕೊಳ್ಳೋದು. ಆದರೂ ಕಲಿಸಿದರು. ಭಿನ್ನರಾಶಿ ನನ್ನ ತಲೆಗೆ ಹತ್ತಿದ್ದು ಅವರಿಂದ.

ಈ ಹುಡುಗ ಹಾಗಲ್ಲ. ‘ಇಲ್ಲಿಗೆ ಹಾಕಿದ್ರಲ್ಲ, ಬೇಜಾರಿಲ್ಲೇನು?’ ಅಂದೆ ಒಂದಿನ.

‘ಬೇಜಾರು ಅದ ಅಣ್ಣಾ,’ ಅಂದ. ಸ್ವಲ್ಪ ಹೊತ್ತು ಬಿಟ್ಟು, ‘ಹಾಕಿದ್ದಲ್ಲ, ಕರೆದಿದ್ದು’ ಅಂದ. ಅವರಲ್ಲಿ ಅದಕ್ಕೆ ‘ಕರೆ’ ಅಂತಲೇ ಹೆಸರು. ಯಾವ ಊರು ಅನ್ನೋದನ್ನ ದೇವರೇ ಸೂಚಿಸುತ್ತಾನೆ ಅಂತ ಅವರ ನಂಬಿಕೆ.

ನನಗೆ ಆ ನಂಬಿಕೆ ಇಲ್ಲ. ಆದರೆ ಅದು ಮಾಡೋ ಕೆಲಸ ಕಾಣುತ್ತಿತ್ತು. ಅದೇ ಗೊರಕೆ, ಅದೇ ಅರೆಬೆಂದ ಅನ್ನ, ಅದೇ ಟ್ರಾಫಿಕ್ಕು. ಶಿಕ್ಷೆ ಅಂದುಕೊಂಡವನು ದಿನ ಎಣಿಸುತ್ತಾನೆ, ಕರೆ ಅಂದುಕೊಂಡವನು ನೋಟ್‌ಬುಕ್ಕಿಗೆ ಗೆರೆ ಹೊಡೆಯುತ್ತಾನೆ.

ಇದೇನು ಅಮೆರಿಕದಿಂದ ಬಂದ ಹೊಸ ವಿಚಾರ ಅಲ್ಲ. ಜಂಗಮ ಅಂದ್ರೇನೇ ತಿರುಗುವವನು. ನಮ್ಮೂರಿಂದ ಬಸವಕಲ್ಯಾಣ ದೂರವಿಲ್ಲ. ಹನ್ನೆರಡನೇ ಶತಮಾನದಲ್ಲಿ ಅಲ್ಲಿಂದ ಹೊರಟ ಮಾತು ಊರೂರು ಮುಟ್ಟಿದ್ದು ಹೀಗೇ ಕಾಲ್ನಡಿಗೆಯಲ್ಲಿ. ನಿಜಾಮರ ಕಾಲದಲ್ಲಿ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಅದಕ್ಕೂ ಮಿಷನ್ ಅನ್ನದೆ ಇನ್ನೇನು ಅನ್ನಬೇಕು? ಕಿಟೆಲ್ ಬಾಸೆಲ್ ಮಿಷನ್ನಿನಿಂದ 1853ರಲ್ಲಿ ಇಲ್ಲಿಗೆ ಬಂದಾಗ ವಯಸ್ಸು ಇಪ್ಪತ್ತೊಂದು. ನಮ್ಮನ್ನ ಬದಲಿಸೋಕೆ ಬಂದವರು ನಮ್ಮ ಭಾಷೆಯಲ್ಲೇ ಮುಳುಗಿ 1894ರಲ್ಲಿ ಸುಮಾರು 70 ಸಾವಿರ ಪದಗಳ ನಿಘಂಟು ಕೊಟ್ಟರು. ಅವರಿಂದ ಎಷ್ಟು ಜನ ಕ್ರೈಸ್ತರಾದರು ಅಂತ ಇವತ್ತು ಯಾರೂ ಕೇಳೋದಿಲ್ಲ. ನಿಘಂಟು ಮಾತ್ರ ನನ್ನ ಫೋನಿನಲ್ಲೇ ಇದೆ.

ಮಾರ್ಮನ್ನರೂ ಆ ಕಾಲದಲ್ಲೇ ಬಂದಿದ್ದರು. 1850ರ ದಶಕದಲ್ಲಿ ಕಲ್ಕತ್ತ, ಮುಂಬೈ, ಪುಣೆ, ಮದ್ರಾಸು ಅಂತ ಸುತ್ತಿದರು. ಭಾಷೆ ಬರದೆ, ಬಿಸಿಲು ತಾಳದೆ, ಬ್ರಿಟಿಷರೂ ಹತ್ತಿರ ಸೇರಿಸದೆ ಕೆಲವೇ ವರ್ಷದಲ್ಲಿ ಹಡಗು ಹತ್ತಿದರು. ಮತ್ತೆ ಸರಿಯಾಗಿ ಬೇರು ಬಿಟ್ಟಿದ್ದು ಬಹಳ ತಡವಾಗಿ. ಬೆಂಗಳೂರು ಮಿಷನ್ ಶುರುವಾಗಿದ್ದು 1993ರಲ್ಲಿ, ಅದರ ಮೊದಲ ಅಧ್ಯಕ್ಷ ಪಂಜಾಬಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಗಣಿತ ಕಲಿಸುತ್ತಿದ್ದ ಗುರುಚರಣ್ ಸಿಂಗ್ ಗಿಲ್. ಭಾರತದ ತಮ್ಮ ಮೊದಲ ದೇವಾಲಯವನ್ನ ಬೆಂಗಳೂರಲ್ಲೇ ಕಟ್ಟುವುದಾಗಿ 2018ರಲ್ಲಿ ಘೋಷಿಸಿದರು, 2020ರ ಡಿಸೆಂಬರಿನಲ್ಲಿ ಗುದ್ದಲಿ ಪೂಜೆ ಆಯ್ತು. ಗುದ್ದಲಿ ಪೂಜೆ ಅನ್ನೋದು ನನ್ನ ಮಾತು, ಅವರದಲ್ಲ.

ಅವನ ಹತ್ತಿರ ಇನ್ನೊಂದು ಹುಚ್ಚಿತ್ತು, ವಂಶಾವಳಿ. ಲ್ಯಾಪ್‌ಟಾಪಿನಲ್ಲಿ ನಾಲ್ಕು ತಲೆಮಾರಿನ ಹೆಸರು ಗಿಡದ ಹಾಗೆ ಬರೆದಿಟ್ಟಿದ್ದ. ನಮ್ಮ ಉತ್ತರ ಕರ್ನಾಟಕದಲ್ಲಿ ಎತ್ತಿನ ಮೇಲೆ ಬಂದು ಮನೆತನದ ಹೆಸರು ಹೇಳುವ ಹೆಳವರ ಕತೆ ಹೇಳಿದೆ. ಬಾಯಿ ತೆರೆದು ಕೇಳಿದ. ಅವರ ಚರ್ಚು ಯೂಟಾದಲ್ಲಿ ಗ್ರಾನೈಟ್ ಗುಡ್ಡ ಕೊರೆದು ಅದರೊಳಗೆ ಜಗತ್ತಿನ ವಂಶಾವಳಿ ದಾಖಲೆಗಳನ್ನ ಜೋಪಾನ ಮಾಡಿದೆ. ಡೇಟಾ ಬ್ಯಾಕಪ್ ಮಾಡೋ ನನ್ನಂಥವನಿಗೆ ಕೇಳಿಯೇ ರೋಮಾಂಚನ. ಆದರೆ ಕಾರಣ ಬೇರೆ ಇದೆ. ಸತ್ತು ಹೋದ ಹಿರೀಕರ ಪರವಾಗಿ ಬದುಕಿರೋರು ದೇವಾಲಯದಲ್ಲಿ ದೀಕ್ಷಾಸ್ನಾನ ತಗೊಳ್ಳುವ ಪದ್ಧತಿ ಅವರಲ್ಲಿದೆ.

‘ನಿಮ್ಮ ಮುತ್ತಜ್ಜನ ಹೆಸರು ಏನು ಅಣ್ಣಾ?’ ಅಂದ.

ನಾನು ಅಲ್ಲೇ ನಿಲ್ಲಿಸಿದೆ. ‘ತಮ್ಮಾ, ನಮ್ಮ ಮುತ್ಯಾ ಲಿಂಗ ಕಟ್ಟಿಕೊಂಡು ಸತ್ತವ. ಅಂವಗ ಮತ್ತ ನೀರ ಹಾಕ್ತೀರೇನು?’

ಮುಖ ಗಂಭೀರ ಆಯ್ತು. ‘ಇಲ್ಲ ಅಣ್ಣಾ. ಅವರವರ ಮನೆಯವರ ಹೆಸರು ಅವರವರೇ ಕೊಡಬೇಕು. ನಾನು ಸುಮ್ಮನೆ ಕೇಳಿದೆ.’

‘ಮತ್ತ ನನ್ನ? ನನ್ನ ಮತಾಂತರ ಮಾಡಬೇಕಂತ ಮಾಡೀಯೇನು?’

‘ನೀವು ಕೇಳಿದರೆ ಹೇಳ್ತೀನಿ. ಕೇಳದೆ ಹೇಳಲ್ಲ.’ ಆಮೇಲೆ ತಾನೇ ಸೇರಿಸಿದ, ‘ಕೇಳಲಿ ಅಂತ ಆಸೆ ಅದ. ಸುಳ್ಳು ಹೇಳಲ್ಲ.’

ಹೆಸರು ಹೇಳಿದೆ, ಕಾಲಂನಲ್ಲಿ ಬರಕೊಳ್ಳದೇ ಕೇಳು ಅಂತ ಹೇಳಿಯೇ. ಮುತ್ಯಾನ ಅಪ್ಪನ ತನಕ ನನಗೆ ಗೊತ್ತಿತ್ತು. ಅದರ ಮೇಲೆ ಖಾಲಿ.

ಅಕ್ಟೋಬರಿನಲ್ಲಿ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನಲ್ಲಿ ಮೆಸೇಜು ಬಂತು. ಬಿಳಿ ಅಂಗಿಯ ಹುಡುಗರ ಫೋಟೋ, ಲಿಫ್ಟಿನ ಕ್ಯಾಮೆರಾದಿಂದ ತೆಗೆದದ್ದು. ‘ಇವರು ಯಾರು? ಮಕ್ಕಳಿರುವ ಮನೆಗಳಿವೆ.’ ಆ ವರ್ಷವಷ್ಟೇ ರಾಜ್ಯದಲ್ಲಿ ಮತಾಂತರ ತಡೆಯುವ ಕಾಯ್ದೆ ಬಂದಿತ್ತು, ಪೇಪರಿನಲ್ಲಿ ದಿನಾ ಅದೇ ಸುದ್ದಿ. ಭಾನುವಾರ ಸಂಜೆ ಪಾರ್ಕಿಂಗಿನಲ್ಲಿ ಸಭೆ ಕರೆದರು. ಹುಡುಗರನ್ನ ಕರೆದಿರಲಿಲ್ಲ. ಒಬ್ಬರು ಇಂದೇ ಖಾಲಿ ಮಾಡಿಸಿ ಅಂದರು. ಇನ್ನೊಬ್ಬರು ಪೊಲೀಸರಿಗೆ ಹೇಳೋಣ ಅಂದರು. ಪಕ್ಕದ ಮನೆಯವನು ನಾನು, ನನ್ನ ಕಡೆ ತಿರುಗಿದರು.

ನಾನು ಸಭೆಯಲ್ಲಿ ಮಾತಾಡೋ ಪೈಕಿ ಅಲ್ಲ. ಸ್ಟ್ಯಾಂಡ್‌ಅಪ್ ಮೀಟಿಂಗಿನಲ್ಲೂ ಎರಡು ವಾಕ್ಯದ ಮೇಲೆ ಹೋಗೋದಿಲ್ಲ. ಅವತ್ತು ಹೇಳಿದ್ದು ಇಷ್ಟೇ. ‘ಎರಡು ತಿಂಗಳಿಂದ ದಿನಾ ನನ್ನ ಜೊತೆ ಮಾತಾಡ್ತಾನೆ. ನಾನು ಇನ್ನೂ ಲಿಂಗಾಯತನೇ ಇದ್ದೀನಿ. ಆದರೆ ನಮ್ಮ ಮನೆತನವೂ ಎಂಟುನೂರು ವರ್ಷದ ಹಿಂದೆ ಯಾರೋ ಬಾಗಿಲಿಗೆ ಬಂದವರ ಮಾತು ಕೇಳಿ ದಾರಿ ಬದಲಿಸಿದ್ದೇ. ಬಲವಂತ, ದುಡ್ಡು, ಆಮಿಷ ಕಂಡರೆ ನಾನೇ ಮೊದಲು ದೂರು ಕೊಡ್ತೀನಿ. ಮಾತಾಡಿದ್ದಕ್ಕೆ ಮನೆ ಬಿಡಿಸೋದು ನನಗೆ ಸರಿ ಕಾಣೋದಿಲ್ಲ.’

ಚಪ್ಪಾಳೆ ಗಿಪ್ಪಾಳೆ ಏನೂ ಇಲ್ಲ. ಒಂದಿಬ್ಬರು ನನ್ನನ್ನೇ ಅನುಮಾನದಿಂದ ನೋಡಿದರು. ಕೊನೆಗೆ ಕರಾರು ಮುಗಿಯೋ ತನಕ ಇರಲಿ, ಆದರೆ ಬಿಲ್ಲೆ ಹಾಕಿಕೊಂಡು ಲಿಫ್ಟಿನಲ್ಲಿ ಯಾರ ಜೊತೆಗೂ ಮಾತಾಡಬಾರದು ಅಂತ ತೀರ್ಮಾನ ಆಯ್ತು. ಅದನ್ನ ಅವನಿಗೆ ತಲುಪಿಸೋ ಕೆಲಸ ನನ್ನ ಪಾಲಿಗೇ ಬಂತು. ಕೇಳಿ, ‘ಸರಿ ಅಣ್ಣಾ’ ಅಂದ. ಮಾರನೇ ದಿನದಿಂದ ಇಬ್ಬರೂ ಲಿಫ್ಟ್ ಹತ್ತಲಿಲ್ಲ. ಐದು ಮಹಡಿ ಮೆಟ್ಟಿಲಲ್ಲೇ ಹತ್ತಿ ಇಳಿದರು, ನೀರಿನ ಕ್ಯಾನು ಹೊತ್ತಾಗಲೂ.

ದೀಪಾವಳಿಗೆ ನಮ್ಮವ್ವ ಬೀದರ್-ಯಶವಂತಪುರ ರೈಲು ಹತ್ತಿ ಬಂದಳು, ಜೊತೆಗೆ ಒಂದು ಚೀಲ ಕಟಿ ರೊಟ್ಟಿ, ಡಬ್ಬಿ ತುಂಬ ಶೇಂಗಾ ಹಿಂಡಿ. ಹುಡುಗರನ್ನ ಒಳಗೆ ಕರೆದು ಮೊದಲು ಮಾಡಿದ ಕೆಲಸ ಚಹಾಕ್ಕೆ ಇಟ್ಟಿದ್ದು. ಅವರು ಕೈಮುಗಿದು ಬೇಡ ಅಂದರು.

‘ಚಾ ಒಲ್ಲೆ ಅಂದ್ರ ಮನಿಗಿ ಯಾಕ ಬಂದ್ರು?’ ಅಂತ ಅವ್ವ ನನ್ನ ಕಡೆ ನೋಡಿದಳು. ನಮ್ಮ ಕಡೆ ಚಹಾ ಬೇಡ ಅನ್ನೋದು ಜಗಳ ತೆಗೆದ ಹಾಗೆ. ಅವರ ನೇಮ ಹಾಗೆ ಅಂತ ವಿವರಿಸಿದೆ. ವಯಸ್ಸು ಕೇಳಿದಳು, ಎಷ್ಟು ದಿನಕ್ಕೆ ಮನೆಗೆ ಹೋಗ್ತಾರೆ ಅಂತ ಕೇಳಿದಳು, ಎರಡು ವರ್ಷ ಅಂದೆ.

‘ಅಂದ್ರ ಮಠದ ಮರಿ ಇದ್ದಂಗ’ ಅಂದಳು. ಅನುಮಾನವೇ ಇಲ್ಲ ಅವಳಿಗೆ.

ನನ್ನ ಜೊತೆ ಮೂರನೇತ್ತೆ ತನಕ ಓದಿದ ಒಬ್ಬ ಹುಡುಗನನ್ನ ಹರಕೆ ಅಂತ ಮಠಕ್ಕೆ ಬಿಟ್ಟಿದ್ದರು. ಗೋಲಿ ಆಟದಲ್ಲಿ ನನ್ನಿಂದ ಏಳು ಗೋಲಿ ಗೆದ್ದಿದ್ದ. ಕೆಲವು ವರ್ಷಕ್ಕೆ ಕಾವಿ ಉಟ್ಟು ಊರಿಗೆ ಬಂದಾಗ ಅವನ ತಾಯಿ ಎಲ್ಲರ ಹಾಗೆ ಸಾಲಿನಲ್ಲಿ ನಿಂತು ಅವನ ಕಾಲಿಗೆ ನಮಸ್ಕಾರ ಮಾಡಿದಳು. ಅವ್ವ ಆಕೆಯ ಹಿಂದೇ ನಿಂತಿದ್ದಳಂತೆ. ಆ ಮಾತನ್ನ ನಮ್ಮ ಮನೆಯಲ್ಲಿ ಅವತ್ತೇ ಮೊದಲ ಸಲ ಹೇಳಿದಳು. ‘ನಮಸ್ಕಾರ ಮಾಡಿ ಎದ್ದಕಿ, ಊಟ ಮಾಡೀ ಏನಪಾ ಅಂತ ಕೇಳ್ಬೇಕಂತ ಬಾಯಿ ತೆರದ್ಳು, ಹಿಂದಿನವ್ರು ಮುಂದ ದಬ್ಬಿದ್ರು’ ಅಂದಳು.

ಹೇಳುತ್ತಲೇ ಎದ್ದು ಎರಡು ದೊಡ್ಡ ಲೋಟ ಮಜ್ಜಿಗೆ ತಂದಳು, ರೊಟ್ಟಿ ಮುರಿದು ಹಿಂಡಿ ಬಡಿಸಿದಳು. ‘ಊಟ ಮಾಡಿ ಏನಪಾ?’ ಅಂದಳು ಆ ಹುಡುಗನಿಗೆ. ಅಷ್ಟು ಕನ್ನಡ ಅವನಿಗೆ ಬರುತ್ತಿತ್ತು. ‘ಮಾಡ್ಲತ್ತೀನ್ರಿ ಅವ್ವಾ’ ಅಂದ. ನಮ್ಮವ್ವ ಬೆರಗಾಗಿ ನನ್ನ ನೋಡಿದಳು. ಜೋಡಿಯವನು ಅವತ್ತು ಆರು ರೊಟ್ಟಿ ತಿಂದ, ಮಾತಾಡಲಿಲ್ಲ.

ಜನವರಿಯಲ್ಲಿ ಪಟ್ಟಿ ಬಂತು. ಕೊಯಮತ್ತೂರು. ಹೊಸ ಜೋಡಿ, ಹೊಸ ಭಾಷೆ, ಈ ಸಲ ಅಕ್ಷರವೂ ದಾಯಾದಿ ಅಲ್ಲ. ಹೊರಡುವ ಹಿಂದಿನ ದಿನ ನೋಟ್‌ಬುಕ್ಕು ತಂದು ತೋರಿಸಿದ. ಮೂರು ಕಾಲಮಿನ ಪಕ್ಕ ಸ್ಕೇಲು ಇಟ್ಟು ನಾಲ್ಕನೇ ಗೆರೆ ಹೊಡೆದು ತಮಿಳು ಅಂತ ಬರೆದಿದ್ದ. ‘ಕನ್ನಡ ಅಳಿಸಿಲ್ಲ ಅಣ್ಣಾ’ ಅಂದ.

‘ಐದು ತಿಂಗಳು ಹಾಕಿದಿ, ನಾ ಒಬ್ಬವನೂ ಸಿಗಲಿಲ್ಲಲ್ಲ. ಲುಕ್ಸಾನ ಆಯ್ತೇನು?’ ಅಂತ ತಮಾಷೆ ಮಾಡಿದೆ.

ಅವನು ತಮಾಷೆಯಾಗಿ ತಗೊಳ್ಳಲಿಲ್ಲ. ಯೋಚನೆ ಮಾಡಿದ. ‘ನನಗೆ ಗೊತ್ತಿಲ್ಲ ಅಣ್ಣಾ. ನೀವು ಕೇಳಿದ್ದರೆ ಖುಷಿ ಆಗ್ತಿತ್ತು,’ ಅಂದ. ನಾನು ಕೇಳಿರಲಿಲ್ಲ, ಮುಂದೆ ಕೇಳೋನೂ ಅಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಬ್ಯಾಗು ಒಂದನ್ನ ನಾನು ತಗೊಂಡೆ, ಇನ್ನೊಂದನ್ನ ಜೋಡಿಯವನು. ಅವತ್ತೂ ಮೆಟ್ಟಿಲಲ್ಲೇ ಇಳಿದೆವು.

ವಾರದ ಮೇಲೆ ಅವ್ವ ಫೋನ್ ಮಾಡಿದಳು. ‘ಆ ಪೋರ ಮುಟ್ಟಿದ್ನಾ? ಅಲ್ಲಿ ಜ್ವಾಳದ ರೊಟ್ಟಿ ಸಿಗ್ತದೇನು?’

‘ಸಿಗಲ್ಲವ್ವ. ಇಡ್ಲಿ ಸಿಗ್ತದ.’

‘ಅವನ ಜಾಗಾಕ್ಕ ಯಾರರೆ ಬಂದಾರೇನು?’

ಬಂದಿದ್ದ. ಹತ್ತೊಂಬತ್ತು ವರ್ಷ, ಮೊದಲ ಊರು ಇದೇ, ಬೂಟು ಇನ್ನೂ ಹೊಸದು. ನಮ್ಮ ಗೊರಕೆಯ ಜೋಡಿಯವನೇ ಈಗ ಅವನಿಗೆ ತರಬೇತಿ ಕೊಡೋನು. ಎರಡು ದಿನದಿಂದ ಬಾಗಿಲು ತೆಗೆದಿದ್ದೇ ಕಮ್ಮಿ ಅಂತ ಹೇಳಿದೆ.

‘ಹಂಗಾರ ನೀನೇ ಹೋಗಿ ಕರಿ’ ಅಂದಳು ಅವ್ವ. ‘ಮಜ್ಜಿಗಿ ಮಾಡು. ಚಾ ಇಡಬ್ಯಾಡ.’